ಸ್ವಲೀನ ಬಾಲಕರು

ಉತ್ತರ ಪಿನಾಕಿನಿಯ ದಡದ ನಮ್ಮ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯಸ್ವಾಮಿಯ ರಥೋತ್ಸವದ ವಾದ್ಯಘೋಷವು ಭಕ್ತರಿಗೆ ಆನಂದಕರವಾದುದು. ಅದಕ್ಕೇ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಕಂಡು ಕೆಲವರು ಗಾಳಿ ಸೋಕಿದೆಯೆನ್ನುವರು, ಕೆಲವರು ತಾಯಿಯ ಮುದ್ದೇ ಕಾರಣವೆನ್ನುವರು. ಎರಡೂ ಸಲ್ಲದು. ಕೆಲವು ಮಕ್ಕಳ ಮಿದುಳು ಮೊದಲಿನಿಂದಲೇ ಬೇರೊಂದು ರೀತಿಯಲ್ಲಿ ಬೆಳೆಯುವುದುಂಟು. ಇದಕ್ಕೆ ಆಟಿಸಂ ಅಥವಾ ಸ್ವಲೀನತೆಯೆಂದು ಹೆಸರು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂತಹ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ತಾಯಿಯ ಮಮತೆ ಸಾಲದೆ ಹೀಗಾಗುವುದೆಂದು ಪಂಡಿತರು ಬಹುಕಾಲ ವಾದಿಸಿದರು. ಎಷ್ಟು ಮಂದಿ ತಾಯಂದಿರು ಕಣ್ಣೀರಿಟ್ಟರೋ! ಆ ಮತವು ಈಗ ಬಿದ್ದುಹೋಗಿದೆ.

ನನ್ನ ತರಗತಿಯಲ್ಲಿಯೂ ಅಂತಹ ಹುಡುಗನೊಬ್ಬನಿದ್ದನು. ಕರೆದರೆ ತಿರುಗನು, ಮುಖವೆತ್ತಿ ನೋಡನು. ಉದ್ಧಟನೆಂದು ಬಗೆದು ನಾನು ಬೆತ್ತವನ್ನೆತ್ತಿದುದೂ ಉಂಟು. ಒಂದು ದಿನ ರಾಮಶಬ್ದವನ್ನು ಹೇಳಿಸುತ್ತಿದ್ದಾಗ ನಾನೇ ಒಂದು ವಿಭಕ್ತಿಯನ್ನು ಬಿಟ್ಟೆನು. ಅವನು ಗೋಡೆಯನ್ನೇ ನೋಡುತ್ತ, ಸಂಬೋಧನೆ ಸಹಿತ 24 ರೂಪಗಳನ್ನೂ ಒಪ್ಪಿಸಿದನು. ಬೆತ್ತವು ಮೂಲೆ ಸೇರಿತು. ಮರುದಿನ ನಡೆಯುವುದನ್ನು ಮುಂದಾಗಿಯೇ ತಿಳಿಸಿ, ನಿತ್ಯವೂ ಒಂದೇ ಸ್ಥಳದಲ್ಲಿ ಕೂರಿಸಿದ ಮೇಲೆ ಅವನ ಚೀರಾಟವು ಬಹಳ ಕಡಿಮೆಯಾಯಿತು.

ಎಲ್ಲರಿಗೂ ಇಂತಹ ಸ್ಮರಣಶಕ್ತಿಯಿರದು. ಮಾತೇ ಬಾರದವರೂ ಉಂಟು. ಮಗುವಿಗೆ ಮಾತು ತಡವಾದರೆ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸತಕ್ಕದ್ದು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರೀಕ್ಷೆ, ಶಿಕ್ಷಣಗಳೆರಡೂ ಉಂಟು.

ಆ ಹುಡುಗನ ತಾಯಿ ಈಗ ರಥೋತ್ಸವದ ದಿನ ವಾದ್ಯಗಳು ಮೊಳಗುವ ಮೊದಲೇ, ನಸುಕಿನಲ್ಲಿ, ಅವನನ್ನು ದರ್ಶನಕ್ಕೆ ಕರೆದೊಯ್ಯುವರು.