ಬೇಲಿಯಿಲ್ಲದ ಹೊಲಗಳ ಊರು ಲ್ಯಾಕ್ಸ್ಟನ್

ಇಂಗ್ಲೆಂಡಿನ ಹಳ್ಳಿ ನೋಡಬೇಕೆನ್ನುವ ನಮ್ಮವರನ್ನು ಟೂರ್ ಕಂಪನಿಗಳು ಕಾಟ್ಸ್‌ವೋಲ್ಡ್ಸ್ ಕಡೆಗೇ ಕರೆದೊಯ್ಯುತ್ತವೆ. ಜೇನುಬಣ್ಣದ ಕಲ್ಲಿನ ಮನೆಗಳು, ಸಣ್ಣ ಹೊಳೆ, ಬಾತುಕೋಳಿಗಳು, ಫೋಟೊಗೆ ಸರತಿ. ಚೆಂದವೇನೋ ಹೌದು, ಆದರೆ ಅಲ್ಲಿ ಬೇಸಾಯಗಾರನಿಗಿಂತ ಪ್ರವಾಸಿಗನೇ ಹೆಚ್ಚು ಕಣ್ಣಿಗೆ ಬೀಳುತ್ತಾನೆ. ಹೊಲ ಗೊತ್ತಿರುವವರು ನೋಡಬೇಕಾದ ಊರು ಬೇರೆಯೇ ಇದೆ. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್ಟನ್ ಅದರ ಹೆಸರು. ಮಧ್ಯಯುಗದ ಬಯಲು ಹೊಲದ ಬೇಸಾಯ, ಅದನ್ನು ಕಾಯುವ ಊರ ನ್ಯಾಯಾಲಯದ ಸಮೇತ, ಇಂಗ್ಲೆಂಡಿನಲ್ಲಿ ಉಳಿದಿರುವುದು ಇಲ್ಲಿ ಮಾತ್ರ.

ಊರು ಮೊದಲ ನೋಟಕ್ಕೆ ಸಾಧಾರಣ. ಕೆಂಪು ಇಟ್ಟಿಗೆಯ ಗೋಡೆ, ಹೆಂಚಿನ ಸೂರು, ಒಂದು ಹಳೆಯ ಚರ್ಚು, ಡವ್‌ಕೋಟ್ ಎಂಬ ಪಬ್ಬು. ಸ್ವಲ್ಪ ನಿಂತು ನೋಡಿದರೆ ವಿಶೇಷ ತಿಳಿಯುತ್ತದೆ. ಇಂಗ್ಲೆಂಡಿನ ಬೇರೆಡೆ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ನಿಂತಿರುವುದು ಸಾಮಾನ್ಯ. ಇಲ್ಲಿ ರೈತರ ಮನೆಗಳು ಬೀದಿಯ ಎರಡೂ ಬದಿಗೆ ಒತ್ತಾಗಿವೆ, ಕೊಟ್ಟಿಗೆ, ಕಣಜಗಳು ಹಿತ್ತಲಿಗೆ ಸರಿದಿವೆ. ಕಾರಣ ಸರಳ: ಪ್ರತಿ ರೈತನ ಭೂಮಿ ಊರ ಸುತ್ತ ತುಂಡುತುಂಡಾಗಿ ಹರಡಿದೆ. ಎಲ್ಲ ತುಂಡಿಗೂ ಹತ್ತಿರವಾಗುವ ಜಾಗವೆಂದರೆ ಊರ ಮಧ್ಯವೇ.

ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳಿವೆ. ಒಳಗೆ ಬೇಲಿಯಿಲ್ಲ, ಉದ್ದುದ್ದ ಪಟ್ಟೆಗಳಷ್ಟೇ. ಒಂದು ಬಯಲಿನಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದಕ್ಕೆ ಬಿಡುವು. ಮರುವರ್ಷ ಸರದಿ ಬದಲು. ನನ್ನ ಪಟ್ಟೆಗೆ ನನ್ನಿಷ್ಟದ ಬೆಳೆ ಎನ್ನುವ ಹಾಗಿಲ್ಲ, ಬಯಲಿಗೆ ಯಾವುದೋ ಪಟ್ಟೆಗೂ ಅದೇ. ಒಳ್ಳೆಯ ಮಣ್ಣು ಒಬ್ಬನಿಗೆ, ಜೌಗು ಇನ್ನೊಬ್ಬನಿಗೆ ಎಂಬ ಅನ್ಯಾಯ ಆಗದಿರಲೆಂದೇ ಹಿಂದಿನವರು ಹೀಗೆ ಹಂಚಿಕೊಂಡರು ಎಂಬ ವಿವರಣೆಯೂ ಇದೆ. ನೇಗಿಲು ತಿರುಗದ ತಗ್ಗಿನ ಹುಲ್ಲುಪಟ್ಟಿಗಳನ್ನು ‘ಸೈಕ್’ ಎನ್ನುತ್ತಾರೆ. ಅಲ್ಲಿನ ಹುಲ್ಲು ಹರಾಜಾಗುತ್ತದೆ. ರಸಗೊಬ್ಬರ ಬೀಳದ ಆ ನೆಲದಲ್ಲಿ ಬೇಸಿಗೆ ಬಂತೆಂದರೆ ಕಾಡುಹೂಗಳ ಜಾತ್ರೆ.

ಬದು ಒತ್ತುವ ಚಟ ಅಲ್ಲೂ ಇದೆ! ನಮ್ಮಲ್ಲಾದರೆ ಸರ್ವೆಯವರು, ತಹಶೀಲ್ದಾರರು, ಆಮೇಲೆ ಕೋರ್ಟು. ಲ್ಯಾಕ್ಸ್ಟನ್ನಿನಲ್ಲಿ ಅದಕ್ಕೊಂದು ದಿನವೇ ಗೊತ್ತಾಗಿದೆ. ನವೆಂಬರ್ ಕೊನೆಯ ಹೊತ್ತಿಗೆ ಊರ ರೈತರಿಂದಲೇ ಆರಿಸಿದ ಜ್ಯೂರಿ ಗೋಧಿ ಬಿತ್ತಿದ ಬಯಲಿಗೆ ಇಳಿಯುತ್ತದೆ. ಪಟ್ಟೆಗಳ ಗಡಿ ನೋಡಿ ಗೂಟ ಹೊಡೆಯುತ್ತಾರೆ. ಯಾರು ದಾರಿಯನ್ನೋ ಸೈಕನ್ನೋ ಸೇರಿಸಿ ಉತ್ತರು, ಯಾರು ಕಾಲುವೆ ಬಗೆಸಲಿಲ್ಲ ಎಂಬುದನ್ನೆಲ್ಲ ಬರೆದುಕೊಂಡು ಪಬ್ಬಿಗೆ ಊಟಕ್ಕೆ ಹೋಗುತ್ತಾರೆ. ವಾರದ ನಂತರ ಅದೇ ಪಬ್ಬಿನಲ್ಲಿ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಾಲಯ ಸೇರುತ್ತದೆ. ಜಮೀನ್ದಾರರ ಪರವಾಗಿ ಸ್ಟೀವರ್ಡ್ ಕೂರುತ್ತಾನೆ, ತಪ್ಪಿತಸ್ಥರಿಗೆ ದಂಡ ಬೀಳುತ್ತದೆ, ಮುಂದಿನ ವರ್ಷದ ಜ್ಯೂರಿ ಪ್ರಮಾಣ ಮಾಡುತ್ತದೆ. ದಂಡದ ಮೊತ್ತ ಚಿಲ್ಲರೆ ಕಾಸು. ಆದರೆ ನಾಲ್ಕು ಜನರೆದುರು ಹೆಸರು ಓದಿಸಿಕೊಳ್ಳುವುದಿದೆಯಲ್ಲ, ಅದು ಚಿಲ್ಲರೆಯಲ್ಲ. ಇದು ಪ್ರವಾಸಿಗರಿಗಾಗಿ ಆಡುವ ನಾಟಕವಲ್ಲ. 1977ರ ಕಾಯ್ದೆಯೊಂದು ದೇಶದ ಇಂಥ ಹಳೆಯ ನ್ಯಾಯಾಲಯಗಳ ಅಧಿಕಾರ ಕಿತ್ತುಕೊಂಡಾಗಲೂ ಲ್ಯಾಕ್ಸ್ಟನ್ನಿನದನ್ನು ಉಳಿಸಿತು.

ಒಂದು ಕಾಲಕ್ಕೆ ಇಂಗ್ಲೆಂಡಿನ ನಡುನಾಡೆಲ್ಲ ಹೀಗೇ ಇತ್ತು. ಆಮೇಲೆ ಬೇಲಿ ಬಂತು. 1604ರಿಂದ 1914ರವರೆಗೆ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ಬಯಲು ಹೊಲ, ಹುಲ್ಲುಗಾವಲುಗಳನ್ನು ಖಾಸಗಿ ಹಿಡುವಳಿಗಳಾಗಿ ಕೊರೆದು ಹಂಚಿತು. ಊರ ಹುಲ್ಲುಗಾವಲನ್ನೇ ನಂಬಿ ಹಸು ಕಟ್ಟಿಕೊಂಡಿದ್ದ ಬಡವರು ಕೂಲಿಗೆ ಇಳಿದರು. ರೈಲಿನ ಕಿಟಕಿಯಿಂದ ನೋಡಿ ನಾವು ಮೆಚ್ಚುವ ಆ ಹಸಿರು ಬೇಲಿಯ ಚೌಕಗಳಲ್ಲಿ ಎಷ್ಟೋ ಆಗ ಎದ್ದವು. ಲ್ಯಾಕ್ಸ್ಟನ್ ಬಚಾವಾದದ್ದು ಆದರ್ಶದಿಂದಲ್ಲ. ಊರ ನೆಲ ಎರಡು ಶ್ರೀಮಂತ ಮನೆತನಗಳ ನಡುವೆ ಹಂಚಿಹೋಗಿತ್ತು, ಇಬ್ಬರಿಗೂ ಹೊಂದಾಣಿಕೆಯಾಗಲಿಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ದೊಡ್ಡವರ ಜಗಳದಲ್ಲಿ ಊರು ಉಳಿಯಿತು.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬಾತ ಈ ಊರಿನ ಒಂದೊಂದು ಪಟ್ಟೆಯನ್ನೂ ಅಳೆದು ಬರೆದ ದೊಡ್ಡ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಉಳುವವರು, ಕೊಯ್ಯುವವರ ಪುಟ್ಟ ಚಿತ್ರಗಳೂ ಅದರಲ್ಲಿವೆ. ಆಗಿನಿಂದ ಊರು ಬದಲಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಬಯಲುಗಳು ಕುಗ್ಗಿವೆ, ಟ್ರ್ಯಾಕ್ಟರ್ ಆಡಲೆಂದು ಪಟ್ಟೆಗಳನ್ನು ಕೂಡಿಸಿ ಅಗಲ ಮಾಡಿದ್ದಾರೆ, ರೈತರಿಗೆ ಬೇಲಿಯೊಳಗಿನ ಜಮೀನೂ ಉಂಟು. 1952ರಲ್ಲಿ ಆ ಎರಡು ಮನೆತನಗಳಲ್ಲಿ ಒಂದಾದ ಮ್ಯಾನ್ವರ್ಸ್ ಮನೆತನ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿತು, 1981ರಲ್ಲಿ ಅದು ಕ್ರೌನ್ ಎಸ್ಟೇಟಿನ ಕೈ ಸೇರಿತು. ಈಚೆಗೆ ಹಳೆಯ ಮನೆತನದ ಥೋರ್ಸ್‌ಬಿ ಎಸ್ಟೇಟೇ ಮರಳಿ ಕೊಂಡಿದೆ. ಪಟ್ಟೆಗಳನ್ನು ಕೂಡಿಸಿದ್ದಕ್ಕೆ ಮೂಗು ಮುರಿಯುವವರಿದ್ದಾರೆ. ನನಗಂತೂ ಅದು ಸರಿಯೆನಿಸುತ್ತದೆ. ಬೇಸಾಯ ಗಿಟ್ಟದಿದ್ದರೆ ಸಂಪ್ರದಾಯ ಕಾಯಲು ಯಾವ ರೈತ ಉಳಿಯುತ್ತಾನೆ?

ಊರಿನ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬವಿದೆ. ಕಲ್ಲುಗೋಡೆ ಉಳಿದಿಲ್ಲ, ಆದರೆ ಏರಿದರೆ ಸುತ್ತಲ ಸೀಮೆ ಒಳ್ಳೆಯದಾಗಿ ಕಾಣುತ್ತದೆ. ಶೆರ್ವುಡ್ ಕಾಡಿನ ಆಡಳಿತ ಒಂದು ಕಾಲಕ್ಕೆ ಇಲ್ಲಿಂದಲೇ ನಡೆಯುತ್ತಿತ್ತು. ರಾಬಿನ್ ಹುಡ್ ಕಥೆಯ ಆ ಕಾಡು ಈಗಲೂ ಕಾರಿನಲ್ಲಿ ಹೋಗುವಷ್ಟು ಹತ್ತಿರ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ನ್ಯೂವಾರ್ಕ್ ನಾರ್ತ್‌ಗೇಟ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಅಲ್ಲಿಂದ ಮುಂದಕ್ಕೆ ಕಾರೇ ಅನುಕೂಲ. ಪಬ್ಬಿನ ಪಕ್ಕದ ಪ್ರವಾಸಿ ಕೇಂದ್ರದಲ್ಲಿ ಬಯಲುಗಳ ವಿವರಣೆ ನೋಡಿಕೊಂಡು ಹೊಲಕ್ಕೆ ಇಳಿಯಿರಿ. ಸಾರ್ವಜನಿಕ ಕಾಲುದಾರಿ ಎಂದು ಗುರುತು ಹಾಕಿದ ಕಡೆ ನಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಬಿತ್ತನೆಯ ಮೇಲೆ ಮಾತ್ರ ಕಾಲಿಡಬೇಡಿ. ಹೂವಿಗೆ ಜೂನ್ ಒಳ್ಳೆಯದು, ಜ್ಯೂರಿಗೆ ನವೆಂಬರ್. ಎರಡರಲ್ಲಿ ಒಂದೇ ಸಾಧ್ಯವೆಂದಾದರೆ ನವೆಂಬರ್‌ಗೇ ಹೋಗಿ, ಕೆಸರಿಗೆ ತಾಳುವ ಬೂಟು ಮರೆಯಬೇಡಿ.