ಓಣಿಗೊಂದು ಒಲೆ: ನೇಪಲ್ಸ್‌ನ ಊಟ-ತಿಂಡಿಯ ತಾಣಗಳು

ದಕ್ಷಿಣ ಇಟಲಿಯ ನೇಪಲ್ಸ್ ನಗರದಲ್ಲಿ ಹೆಸರು ಮಾಡಿದ ಊಟ-ತಿಂಡಿಯ ಜಾಗಗಳು ಬಹುತೇಕ ಸಣ್ಣ ಅಂಗಡಿಗಳು. ಒಂದು ಅಂಗಡಿ ಪಿಜ್ಜಾಕ್ಕೆ, ಇನ್ನೊಂದು ಕರಿದ ತಿನಿಸಿಗೆ, ಮತ್ತೊಂದು ಕಾಫಿಗೆ, ಮಗದೊಂದು ಒಂದೇ ಬಗೆಯ ಸಿಹಿಗೆ ಮೀಸಲು. ಎಲ್ಲವನ್ನೂ ಒಂದೇ ಸೂರಿನಡಿ ಬಡಿಸುವ ಹೋಟೆಲುಗಳು ಇಲ್ಲಿಯೂ ಇವೆ, ಆದರೆ ಊರಿನವರ ನಾಲಿಗೆಯ ಮೇಲಿರುವ ಹೆಸರುಗಳು ಅವುಗಳದ್ದಲ್ಲ. ಇದಕ್ಕೆ ಕಾರಣ ಊರಿನ ಮನೆಗಳಲ್ಲೇ ಇದೆ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಕರು ಎಳೆದ ನೇರ ಬೀದಿಗಳ ಗೆರೆಯ ಮೇಲೆಯೇ ಹಳೆಯ ನೇಪಲ್ಸ್ ಇಂದಿಗೂ ನಿಂತಿದೆ. ವಿಯಾ ದೇಯಿ ತ್ರಿಬುನಾಲಿ, ಸ್ಪಕ್ಕಾನಾಪೊಲಿ ಎಂಬ ಎರಡು ಉದ್ದನೆಯ ಬೀದಿಗಳು ಆ ಕಾಲದವು. ಇಕ್ಕೆಲದ ಎತ್ತರದ ಕಟ್ಟಡಗಳ ನೆಲಮಟ್ಟದಲ್ಲಿ, ಬೀದಿಗೆ ಬಾಗಿಲು ತೆರೆಯುವ ಒಂಟಿ ಕೋಣೆಗಳಿವೆ. ‘ಬಾಸ್ಸೊ’ ಎನ್ನುವ ಈ ಕೋಣೆಗಳಲ್ಲಿ ಶತಮಾನಗಳ ಕಾಲ ಇಡೀ ಕುಟುಂಬಗಳು ಬದುಕಿದವು. ಅಲ್ಲಿ ರೊಟ್ಟಿ ಬೇಯಿಸುವ ಒಲೆಗೆ ಜಾಗವಿರಲಿಲ್ಲ, ಸೌದೆ ಕೊಳ್ಳಲು ಕಾಸೂ ಇರಲಿಲ್ಲ. ಹೀಗಾಗಿ ಬಿಸಿ ಬಿಸಿಯಾದದ್ದು ಏನು ಬೇಕಿದ್ದರೂ ಬೀದಿಯಲ್ಲೇ ಸಿಗಬೇಕಿತ್ತು, ಅದೂ ಬಡವರ ಕೈಗೆಟುಕುವ ಬೆಲೆಗೆ. ನೇಪಲ್ಸ್‌ನ ಅಡುಗೆಯ ಹಿರಿಮೆಯೆಲ್ಲ ಬೆಳೆದದ್ದು ಈ ಇಕ್ಕಟ್ಟಿನಿಂದಲೇ.

ಪಿಜ್ಜಾ ಮೊದಲು ಅಂಗಡಿಯಲ್ಲಿ ಕುಳಿತು ತಿನ್ನುವ ಪದಾರ್ಥವಾಗಿರಲಿಲ್ಲ. ಬೇಯಿಸಿದ ಪಿಜ್ಜಾಗಳನ್ನು ತಾಮ್ರದ ಡಬ್ಬಿಯಲ್ಲಿ ಬಿಸಿಯಾಗಿಟ್ಟು, ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ಹುಡುಗರು ಓಣಿ ಓಣಿ ಸುತ್ತಿ ಮಾರುತ್ತಿದ್ದರು. ಪತ್ರಕರ್ತೆ ಮತಿಲ್ದೆ ಸೆರಾವೊ 1884ರ ಕಾಲರಾ ಪಿಡುಗಿನ ಹೊತ್ತಿನಲ್ಲಿ ಊರಿನ ಬಡತನದ ಬಗ್ಗೆ ಬರೆದ ಲೇಖನಗಳಲ್ಲಿ, ಒಂದು ಬಿಡಿಕಾಸಿಗೆ ಸಿಗುವ ಪಿಜ್ಜಾ ತುಂಡೇ ಎಷ್ಟೋ ಜನರ ಬೆಳಗಿನ ಆಹಾರವೆಂದು ದಾಖಲಿಸಿದ್ದಾರೆ. ಹೀಗೆ ಹೊತ್ತು ಮಾರುವವರಿಗೆ ಪಿಜ್ಜಾ ಒದಗಿಸುತ್ತಿದ್ದ ಒಲೆಗಳ ಮುಂದೆ ಕ್ರಮೇಣ ಮೇಜು-ಕುರ್ಚಿಗಳು ಬಂದವು. ಪೋರ್ಟ್ ಆಲ್ಬಾ ಎಂಬ ಹಳೆಯ ಕೋಟೆಬಾಗಿಲಿನ ಬಳಿಯ ಅಂಗಡಿ 1830ರ ಸುಮಾರಿಗೆ ಹಾಗೆ ಪಿಜ್ಜೇರಿಯಾ ಆದದ್ದು. ಜಗತ್ತಿನ ಮೊದಲ ಪಿಜ್ಜೇರಿಯಾ ಎಂದು ಅದನ್ನು ಸಾಮಾನ್ಯವಾಗಿ ಹೆಸರಿಸುತ್ತಾರೆ.

ಟೊಮೆಟೊ, ಮೊಜರೆಲ್ಲಾ, ತುಳಸಿಯ ಜಾತಿಯದೇ ಆದ ಬೇಸಿಲ್ ಎಲೆ, ಇವು ಸೇರಿದ ಮಾರ್ಗೆರೀತಾ ಪಿಜ್ಜಾದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1889ರಲ್ಲಿ ರಾಣಿ ಮಾರ್ಗೆರೀತಾ ನೇಪಲ್ಸ್‌ಗೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬ ಬಾಣಸಿಗ ಇಟಲಿ ಧ್ವಜದ ಮೂರು ಬಣ್ಣಗಳ ಪಿಜ್ಜಾ ಮಾಡಿ ಅವಳ ಹೆಸರಿಟ್ಟ ಎಂಬ ಕಥೆ ಅದು. ಅರಮನೆಯಿಂದ ಬಂದದ್ದೆನ್ನಲಾದ ಮೆಚ್ಚುಗೆಯ ಪತ್ರವನ್ನು ಬ್ರಾಂಡಿ ಪಿಜ್ಜೇರಿಯಾದಲ್ಲಿ ಇಂದಿಗೂ ಕಾಣಬಹುದು. ಪತ್ರ ನಿಜವಾದದ್ದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಸಂದೇಹವಿದೆ. ಆ ಮೂರು ಪದಾರ್ಥಗಳ ಪಿಜ್ಜಾ ಅದಕ್ಕೂ ಮೊದಲೇ ಊರಿನಲ್ಲಿ ಇತ್ತೆಂಬುದಕ್ಕೆ ಬರಹದ ಆಧಾರಗಳಿವೆ. ಬಡವರ ಓಣಿಯಲ್ಲಿ ಹುಟ್ಟಿದ ತಿನಿಸಿಗೆ ರಾಣಿಯ ಹೆಸರು ದಕ್ಕಿತು ಎಂದು ತಿಳಿದರೆ ಸಾಕು.

ಇಂದು ಅತಿ ಹೆಚ್ಚು ಹೆಸರಿರುವುದು 1870ರಲ್ಲಿ ಕೊಂದೂರ್ರೊ ಕುಟುಂಬ ಆರಂಭಿಸಿದ ‘ದಾ ಮಿಕೇಲೆ’ಗೆ. ವಿಯಾ ಚೇಸರೆ ಸೆರ್ಸಾಲೆ ಬೀದಿಯ ಈ ಅಂಗಡಿ ಬಹುಕಾಲ ಎರಡೇ ಬಗೆಯ ಪಿಜ್ಜಾ ಮಾಡಿತು: ಮಾರ್ಗೆರೀತಾ ಮತ್ತು ಮರಿನಾರಾ. ಮರಿನಾರಾಕ್ಕೆ ಚೀಸ್ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಬಾಗಿಲಲ್ಲಿ ಸಂಖ್ಯೆ ಬರೆದ ಚೀಟಿ ಪಡೆದು, ಕೂಗುವವರೆಗೂ ಬೀದಿಯಲ್ಲಿ ಕಾಯಬೇಕು. 2010ರ ‘ಈಟ್ ಪ್ರೇ ಲವ್’ ಚಿತ್ರದಲ್ಲಿ ಜೂಲಿಯಾ ರಾಬರ್ಟ್ಸ್ ಇಲ್ಲಿ ಪಿಜ್ಜಾ ತಿಂದ ಮೇಲೆ ಸಾಲು ಇನ್ನೂ ಉದ್ದವಾಯಿತು. ತ್ರಿಬುನಾಲಿ ಬೀದಿಯಲ್ಲಿ 1935ರ ಸೊರ್ಬಿಲ್ಲೊ ಮತ್ತು 1936ರ ದಿ ಮತ್ತೇಯೊ ಅಂಗಡಿಗಳು ಹತ್ತಿರ ಹತ್ತಿರವೇ ಇವೆ. 1994ರಲ್ಲಿ ಜಿ-7 ಶೃಂಗಸಭೆಗೆ ಬಂದಿದ್ದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಪಿಜ್ಜಾ ತಿಂದದ್ದು ದಿ ಮತ್ತೇಯೊದಲ್ಲಿ. ಒಳಗೆ ಜಾಗವಿಲ್ಲದಿದ್ದರೂ ಚಿಂತೆಯಿಲ್ಲ. ಮುಂಭಾಗದ ಗಾಜಿನ ಪೆಟ್ಟಿಗೆಯಿಂದ ಸಣ್ಣ ಪಿಜ್ಜಾವೊಂದನ್ನು ಕೊಂಡು, ನಾಲ್ಕು ಮಡಿಕೆ ಮಾಡಿ, ಕಾಗದದಲ್ಲಿ ಹಿಡಿದು, ನಡೆಯುತ್ತಲೇ ತಿನ್ನುವುದು ಊರಿನ ಹಳೆಯ ರೂಢಿ.

ಈ ಪಿಜ್ಜಾದ ಗುಣ ಇರುವುದು ಹಿಟ್ಟು ಮತ್ತು ಬೆಂಕಿಯಲ್ಲಿ. ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟರೆ ಕಣಕಕ್ಕೆ ಬೇರೇನನ್ನೂ ಸೇರಿಸುವುದಿಲ್ಲ. ನಾದಿದ ಕಣಕ ಕನಿಷ್ಠ ಎಂಟು ಗಂಟೆಯಾದರೂ ಹುದುಗಬೇಕು. ಲಟ್ಟಣಿಗೆಗೆ ಇಲ್ಲಿ ಕೆಲಸವಿಲ್ಲ. ಉಂಡೆಯ ನಡುವಿನಿಂದ ಅಂಚಿನ ಕಡೆಗೆ ಬೆರಳ ತುದಿಗಳಿಂದ ಒತ್ತುತ್ತ ಹೋದಂತೆ ಒಳಗಿನ ಗಾಳಿಯೆಲ್ಲ ಅಂಚಿಗೆ ಸರಿಯುತ್ತದೆ. ಆಮೇಲೆ ಕೈಯಿಂದ ಕೈಗೆ ಬಡಿದು ಹಿಗ್ಗಿಸಿ, ಹಲಗೆಯ ಮೇಲೆಳೆದು ಇಟ್ಟಿಗೆಯ ಗುಮ್ಮಟದೊಲೆಗೆ ನೂಕುತ್ತಾರೆ. ಸೌದೆಯೊಲೆಯ ಶಾಖ ಸುಮಾರು 430ರಿಂದ 485 ಡಿಗ್ರಿ ಸೆಲ್ಸಿಯಸ್. 60ರಿಂದ 90 ಸೆಕೆಂಡುಗಳಲ್ಲಿ ಪಿಜ್ಜಾ ಹೊರಗೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರುತ್ತದೆ, ನಡುಭಾಗ ತೆಳ್ಳಗೆ, ಮೆತ್ತಗೆ, ರಸಭರಿತ. ಗರಿಗರಿ ಪಿಜ್ಜಾ ನಿರೀಕ್ಷಿಸಿ ಬಂದವರಿಗೆ ಇದು ಹಸಿಯೆನಿಸಬಹುದು, ಆದರೆ ಪಿಜ್ಜಾ ಇರಬೇಕಾದದ್ದೇ ಹೀಗೆ. ಒಲೆಯ ಬಾಯಲ್ಲಿ ನಿಂತವನದು ಬೇರೆಯೇ ಹುದ್ದೆ. ಉದ್ದ ಹಿಡಿಯ ಸಣ್ಣ ಸಲಿಕೆಯಿಂದ ಪಿಜ್ಜಾವನ್ನು ತಿರುಗಿಸುತ್ತ, ಕೊನೆಗಳಿಗೆಯಲ್ಲಿ ಗುಮ್ಮಟದ ಕಡೆಗೆ ಕೊಂಚ ಎತ್ತಿ ಹಿಡಿದು ಇಳಿಸುವುದು ಅವನ ಕೈಚಳಕ. ಈ ವಿಧಾನವನ್ನು ಕಾಪಾಡಲು 1984ರಲ್ಲಿ ನೇಪಲ್ಸ್‌ನ ಪಿಜ್ಜಾ ತಯಾರಕರು ಸಂಘ ಕಟ್ಟಿದರು. ಐರೋಪ್ಯ ಒಕ್ಕೂಟ 2010ರಲ್ಲಿ ಇದಕ್ಕೆ ಸಾಂಪ್ರದಾಯಿಕ ವಿಶೇಷತೆಯ ಮಾನ್ಯತೆ ಕೊಟ್ಟಿತು. 2017ರಲ್ಲಿ ಯುನೆಸ್ಕೊ ನೇಪಲ್ಸ್‌ನ ಪಿಜ್ಜಾ ಕಸುಬನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ತಿನಿಸಲ್ಲ, ಅದನ್ನು ಮಾಡುವ ಕೈಗಳ ಕೆಲಸ.

ಒಲೆಗೂ ಗತಿಯಿಲ್ಲದ ಕಾಲದ ತಿನಿಸು ಕರಿದ ಪಿಜ್ಜಾ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ನಲುಗಿದ ನೇಪಲ್ಸ್‌ನಲ್ಲಿ ಒಲೆಗಳು ಹಾಳಾಗಿದ್ದವು, ಮೊಜರೆಲ್ಲಾ ದುಬಾರಿಯಾಗಿತ್ತು. ಕಣಕವನ್ನು ಎಣ್ಣೆಗೆ ಬಿಟ್ಟರೆ ಉಬ್ಬಿ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆಯೂ ತುಂಬುತ್ತದೆ. ಹೆಂಗಸರು ಮನೆಬಾಗಿಲಲ್ಲೇ ಬಾಣಲೆ ಇಟ್ಟು ಕರಿದು ಮಾರಿದರು. ‘ಇಂದು ತಿಂದು ಎಂಟು ದಿನಕ್ಕೆ ಕೊಡಿ’ ಎಂಬ ಸಾಲದ ಪದ್ಧತಿಯೂ ಚಾಲ್ತಿಯಲ್ಲಿತ್ತು. ವಿತ್ತೋರಿಯೊ ದೆ ಸೀಕಾ 1954ರಲ್ಲಿ ನಿರ್ದೇಶಿಸಿದ ‘ಲೋರೊ ದಿ ನಾಪೊಲಿ’ ಚಿತ್ರದಲ್ಲಿ ಸೋಫಿಯಾ ಲಾರೆನ್ ಇಂಥ ಪಿಜ್ಜಾ ಮಾರುವ ಹೆಂಗಸಿನ ಪಾತ್ರ ಮಾಡಿದ್ದಾರೆ. ಇಂದಿನ ಕರಿದ ಪಿಜ್ಜಾದೊಳಗೆ ರಿಕೊಟ್ಟಾ ಚೀಸ್, ಕಾಳುಮೆಣಸು, ಹಂದಿಮಾಂಸದ ತುಣುಕುಗಳಿರುತ್ತವೆ. ಪಿಞ್ಞಸೆಕ್ಕಾ ಸಂತೆಯ ಸುತ್ತಮುತ್ತಲಿನ ಕರಿದ ತಿನಿಸಿನ ಅಂಗಡಿಗಳಲ್ಲಿ ಆಲೂಗಡ್ಡೆಯ ಕ್ರೊಕ್ಕೆ, ಬದನೆಕಾಯಿ, ಕುಂಬಳದ ಹೂವು, ಸಣ್ಣ ಮೀನು ಎಲ್ಲವೂ ಕಾಗದದ ಪೊಟ್ಟಣದಲ್ಲಿ ಸಿಗುತ್ತವೆ. ಬೇಯಿಸಿದ ಹಂದಿಕಾಲು, ಕರುವಿನ ಮೂತಿಯನ್ನು ತಣ್ಣಗೆ ಕತ್ತರಿಸಿ ಮಾರುವ ಗಾಡಿಗಳೂ ಅಲ್ಲಲ್ಲಿ ಉಳಿದಿವೆ. ನಿಂಬೆರಸ ಹಿಂಡಿ, ತುದಿ ಕೊರೆದ ದನದ ಕೊಂಬಿನಿಂದ ಉಪ್ಪು ಉದುರಿಸಿ ಕೊಡುವುದು ಇವುಗಳ ಗುರುತು.

ಮನೆಯೂಟದ ರುಚಿಗೆ ಟ್ರಟ್ಟೋರಿಯಾ ಎಂಬ ಸಣ್ಣ ಊಟದ ಮನೆಗಳಿವೆ. ಸ್ಪ್ಯಾನಿಶ್ ಓಣಿಗಳ ನಡುವೆ 1949ರಲ್ಲಿ ಶುರುವಾದ ನೆನ್ನೆಲ್ಲಾ ಇವುಗಳಲ್ಲಿ ಪ್ರಸಿದ್ಧ. ಮಾಂಸದ ದಪ್ಪ ತುಂಡುಗಳನ್ನು ಟೊಮೆಟೊ ಗೊಜ್ಜಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದ ರಗೂ ಭಾನುವಾರದ ಅಡುಗೆ. ರಾಶಿ ಈರುಳ್ಳಿಯನ್ನು ಮಾಂಸದೊಂದಿಗೆ ಕರಗುವವರೆಗೂ ಬೇಯಿಸಿದ ಜೆನೊವೇಸೆ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಇಟಲಿಯ ಉತ್ತರದ ಜೆನೋವಾ ಊರಿನ ಹೆಸರು ಹೊತ್ತಿದ್ದರೂ ಅದು ನೇಪಲ್ಸ್‌ನದೇ ಅಡುಗೆ. ರುಚಿಯಲ್ಲಿ ರಗೂವಿಗಿಂತ ಒಂದು ಕೈ ಮೇಲು.

ನೇಪಲ್ಸ್‌ನಲ್ಲಿ ಕಾಫಿ ನಿಂತು ಕುಡಿಯುವಂಥದ್ದು. ಎಷ್ಟೋ ಕಡೆ ಮೊದಲು ಗಲ್ಲಾದಲ್ಲಿ ಹಣ ಕೊಟ್ಟು, ರಸೀತಿಯನ್ನು ಕೌಂಟರಿನ ಮೇಲಿಡಬೇಕು. ಮೊದಲು ಒಂದು ಲೋಟ ನೀರು ಬರುತ್ತದೆ. ಅದನ್ನು ಕುಡಿದು ಬಾಯಿ ಶುದ್ಧಮಾಡಿಕೊಂಡ ಮೇಲೆಯೇ ಕಾಫಿ. ಕಪ್ಪುಗಳನ್ನು ಕುದಿನೀರಿನಲ್ಲಿ ಇಟ್ಟಿರುತ್ತಾರಾದ್ದರಿಂದ ಅಂಚು ತುಟಿ ಸುಡುವಷ್ಟು ಬಿಸಿ. ಹಳೆಯ ಬಾರುಗಳಲ್ಲಿ ಕೈಯಿಂದ ಸನ್ನೆ ಎಳೆಯುವ ಯಂತ್ರಗಳು ಇನ್ನೂ ಇವೆ. ಸನ್ನೆಯನ್ನು ಕೆಳಗೆ ಎಳೆದು ಬಿಟ್ಟರೆ ಒಳಗಿನ ಸ್ಪ್ರಿಂಗ್ ಬಿಸಿನೀರನ್ನು ಪುಡಿಯ ಮೂಲಕ ಒತ್ತುತ್ತದೆ. ಬೀಳುವುದು ಎರಡು-ಮೂರು ಗುಟುಕು, ಮಂದವಾಗಿ, ಮೇಲೆ ಕಂದು ನೊರೆಯ ಪದರ. ಪ್ಯಾತ್ಸಾ ದಾಂತೆಯ ‘ಮೆಕ್ಸಿಕೊ’ ಬಾರಿನಲ್ಲಿ ಕೇಳದೇ ಸಕ್ಕರೆ ಹಾಕಿಯೇ ಕೊಡುವ ವಾಡಿಕೆ. ಬೇಡದವರು ಮೊದಲೇ ‘ಅಮಾರೊ’ ಎನ್ನಬೇಕು. ಕಾಫಿಯ ಗುಣದಲ್ಲಿ ಊರಿನ ಮೊದಲ ಸಾಲಿಗೆ ಸೇರುವ ಬಾರು ಇದು.

ವೈಭವಕ್ಕೆ ಹೆಸರಾದದ್ದು ಅರಮನೆಯ ಪಕ್ಕದ ಗಂಬ್ರೀನುಸ್. 1860ರಲ್ಲಿ ಆರಂಭವಾಗಿ, 1890ರಲ್ಲಿ ವಾಸ್ತುಶಿಲ್ಪಿ ಆಂತೋನಿಯೊ ಕೂರಿಯ ಕೈಯಲ್ಲಿ ಹೊಸ ರೂಪ ಪಡೆದ ಈ ಕೆಫೆಯ ಗೋಡೆಗಳ ತುಂಬ ಆ ಕಾಲದ ನೇಪಲ್ಸ್ ಕಲಾವಿದರ ಚಿತ್ರಗಳಿವೆ. ಆಸ್ಕರ್ ವೈಲ್ಡ್, ಗಾಬ್ರಿಯೆಲೆ ದನ್ನುನ್ಸಿಯೊ ಇಲ್ಲಿಗೆ ಬರುತ್ತಿದ್ದವರು. 1938ರಲ್ಲಿ ಫ್ಯಾಸಿಸ್ಟ್ ಆಡಳಿತ ಇದನ್ನು ಮುಚ್ಚಿಸಿತು, ಕೋಣೆಗಳು ಬ್ಯಾಂಕಿನ ಪಾಲಾದವು, ದಶಕಗಳ ನಂತರ ಮತ್ತೆ ಬಾಗಿಲು ತೆರೆಯಿತು. ಒಳಗೆ ಮೇಜಿನಲ್ಲಿ ಕುಳಿತರೆ ಬೆಲೆ ಹಲವು ಪಟ್ಟು ಏರುತ್ತದೆ. ‘ಕಫ್ಫೆ ಸೊಸ್ಪೇಸೊ’ ಎಂಬ ನೇಪಲ್ಸ್‌ನ ಪದ್ಧತಿಯನ್ನು ಇಲ್ಲಿ ಇಂದಿಗೂ ನಡೆಸುತ್ತಾರೆ. ಗಿರಾಕಿಯೊಬ್ಬ ತಾನು ಕುಡಿದದ್ದು ಒಂದೇ ಕಾಫಿಯಾದರೂ ಎರಡಕ್ಕೆ ಹಣ ಕೊಟ್ಟು ಹೋಗುತ್ತಾನೆ. ಆಮೇಲೆ ಕಾಸಿಲ್ಲದವರು ಯಾರಾದರೂ ಬಂದು ‘ಸೊಸ್ಪೇಸೊ ಇದೆಯೇ’ ಎಂದು ವಿಚಾರಿಸಿದರೆ ಆ ಕಾಫಿ ಅವರದು. ಕೊಟ್ಟವನಿಗೆ ಕುಡಿದವನ ಪರಿಚಯವಿಲ್ಲ, ಕುಡಿದವನಿಗೆ ಕೊಟ್ಟವನದೂ ಇಲ್ಲ. ಕಾಫಿಯನ್ನು ಬಡವನಿಗೂ ಬೇಕಾದ ಅಗತ್ಯವೆಂದು ಬಗೆದ ಊರಿನ ಉದಾರತೆ ಇದು.

ಯಂತ್ರಗಳು ಬರುವ ಮೊದಲು ಮನೆಮನೆಯಲ್ಲಿದ್ದದ್ದು ‘ಕುಕ್ಕುಮೆಲ್ಲಾ’. ಕೆಳಗಿನ ಪಾತ್ರೆಯಲ್ಲಿ ನೀರು ಕುದಿದ ಕೂಡಲೇ ಇಡೀ ಪಾತ್ರೆಯನ್ನು ತಲೆಕೆಳಗು ಮಾಡಿದರೆ, ದಕ್ಷಿಣ ಭಾರತದ ಫಿಲ್ಟರಿನಂತೆಯೇ ನೀರು ಪುಡಿಯ ಮೂಲಕ ತೊಟ್ಟಿಕ್ಕಿ ಡಿಕಾಕ್ಷನ್ ಇಳಿಯುತ್ತದೆ. ಎದ್ವಾರ್ದೊ ದೆ ಫಿಲಿಪ್ಪೊ ಅವರ 1946ರ ನಾಟಕವೊಂದರಲ್ಲಿ ನಾಯಕ ಬಾಲ್ಕನಿಯಲ್ಲಿ ಕುಳಿತು, ಪರಿಮಳ ಆರಿಹೋಗದಂತೆ ಪಾತ್ರೆಯ ಮೂತಿಗೆ ಕಾಗದದ ಟೋಪಿ ತೊಡಿಸುವ ಗುಟ್ಟನ್ನು ವಿವರಿಸುತ್ತಾನೆ. ಊರಿನ ಹಿರಿಯರು ಈ ದೃಶ್ಯವನ್ನು ಇಂದಿಗೂ ನೆನೆಯುತ್ತಾರೆ. ಕಾಫಿಯ ವಿಷಯದಲ್ಲಿ ಕರ್ನಾಟಕಕ್ಕೂ ಇಟಲಿಗೂ ನೇರ ನಂಟಿದೆ. ನೇಪಲ್ಸ್‌ನ ಶೈಲಿಯ ಕಡು ಹುರಿದ ಮಿಶ್ರಣಗಳಿಗೆ ಕಸುವು ಮತ್ತು ನೊರೆ ಕೊಡುವುದು ರೊಬಸ್ಟಾ ಬೀಜ. ಭಾರತದ ಕಾಫಿಯ ಅತಿ ದೊಡ್ಡ ಖರೀದಿದಾರ ಇಟಲಿ, ಆ ಕಾಫಿಯಲ್ಲಿ ಶೇ. 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕರ್ನಾಟಕ.

ಕಾಫಿಯ ಜೊತೆಗಿನ ಸಿಹಿ ಸ್ಫೊಲ್ಯಾತೆಲ್ಲಾ. ಅಮಾಲ್ಫಿ ಕರಾವಳಿಯ ಸಾಂತಾ ರೋಸಾ ಕನ್ಯಾಮಠದಲ್ಲಿ ಇದು ಹುಟ್ಟಿತೆಂದು ಪ್ರತೀತಿ. 1818ರಲ್ಲಿ ಪಾಸ್ಕ್ವಾಲೆ ಪಿಂತಾವ್ರೊ ನೇಪಲ್ಸ್‌ನ ತೊಲೇದೊ ಬೀದಿಯಲ್ಲಿ ಇದನ್ನು ಮಾರತೊಡಗಿದ. ಕಣಕವನ್ನು ಆಚೆ ಬದಿ ಕಾಣುವಷ್ಟು ತೆಳ್ಳಗೆ ಎಳೆದು, ಹಂದಿಕೊಬ್ಬು ಸವರಿ, ಬಿಗಿಯಾಗಿ ಸುತ್ತಿ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಬಿಲ್ಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ಶಂಖದಾಕಾರಕ್ಕೆ ತಂದು, ರಿಕೊಟ್ಟಾ, ರವೆ, ಸಕ್ಕರೆಪಾಕದ ಕಿತ್ತಳೆಸಿಪ್ಪೆ, ದಾಲ್ಚಿನ್ನಿಯ ಹೂರಣ ತುಂಬಿ ಬೇಯಿಸಿದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಪದರವಿಲ್ಲದ ಮೆತ್ತನೆಯ ಬಗೆಯೂ ಉಂಟು, ಆದರೆ ಕೈಚಳಕ ಕಾಣುವುದು ಪದರದ್ದರಲ್ಲೇ. ಆರಿದರೆ ಇದರ ಅರ್ಧ ರುಚಿ ಹೋದಂತೆ. ರೈಲು ನಿಲ್ದಾಣದ ಹತ್ತಿರದ ಓಣಿಯಲ್ಲಿರುವ, 1930ರಿಂದ ನಡೆದಿರುವ ಅತ್ತನಾಸಿಯೊ ಅಂಗಡಿಗೆ ಜನ ಮುಗಿಬೀಳುವುದು ಅಲ್ಲಿ ತಟ್ಟೆಗಳು ಒಲೆಯಿಂದ ನೇರ ಕೌಂಟರಿಗೆ ಬರುವುದರಿಂದ. ರಮ್ ಪಾಕದಲ್ಲಿ ನೆನೆಸಿದ ಬಬಾ ಪೋಲೆಂಡಿನ ದೊರೆಯ ಆಸ್ಥಾನದಿಂದ ಫ್ರಾನ್ಸ್ ದಾರಿಯಾಗಿ ಬಂದು ನೇಪಲ್ಸ್‌ನದ್ದೇ ಆಗಿಹೋಗಿದೆ. 1905ರ ಸ್ಕತೂರ್ಕ್ಯೊ ಅಂಗಡಿಯಲ್ಲಿ ಅದು ಚೆನ್ನ.

ಪಾನೀಯಗಳಲ್ಲಿ ನೇಪಲ್ಸ್‌ಗೇ ವಿಶಿಷ್ಟವಾದದ್ದು ಬೀದಿಬದಿಯ ನೀರಿನ ಗೂಡಂಗಡಿ. ಒಂದು ಕಾಲದಲ್ಲಿ ಇಲ್ಲಿ ಕಿಯಾತಮೋನೆ ಊಟೆಯ ಗಂಧಕದ ನೀರನ್ನು ಮಣ್ಣಿನ ಹೂಜಿಗಳಲ್ಲಿ ತಂದು ಮಾರುತ್ತಿದ್ದರು. 1973ರಲ್ಲಿ ಕಾಲರಾ ಬಂದಾಗ ಆ ಊಟೆಯನ್ನು ಮುಚ್ಚಲಾಯಿತು. ಉಳಿದ ಗೂಡಂಗಡಿಗಳಲ್ಲಿ ಈಗಿನ ಆಕರ್ಷಣೆ ನಿಂಬೆ ಸೋಡಾ. ಅಂಗೈಯಗಲದ ನಿಂಬೆಹಣ್ಣುಗಳ ರಸವನ್ನು ಕಬ್ಬಿಣದ ಒತ್ತುಯಂತ್ರದಲ್ಲಿ ಹಿಂಡಿ, ಅನಿಲ ತುಂಬಿದ ನೀರು ಬೆರೆಸಿ, ಕೊನೆಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ಕ್ಷಣ ಲೋಟ ಉಕ್ಕಿ ಸುರಿಯುತ್ತದೆ. ಕುಡಿಯುವವರು ಕಾಲು ಅಗಲಿಸಿ, ಮುಂದಕ್ಕೆ ಬಾಗಿ, ನೊರೆ ಬಟ್ಟೆಗೆ ತಾಗದಂತೆ ಒಂದೇ ಉಸಿರಿಗೆ ಕುಡಿಯಬೇಕು. ಪಾನೀಯದ ಹೆಸರೇ ‘ತೊಡೆ ಅಗಲಿಸಿದ ನಿಂಬೆ ಷರಬತ್ತು’. ಭಾರೀ ಊಟ ಜೀರ್ಣಿಸಲು ಇದಕ್ಕಿಂತ ಒಳ್ಳೆಯದಿಲ್ಲವೆಂಬುದು ಊರಿನವರ ನಂಬಿಕೆ.

ವೈನ್‌ಗಳೆಲ್ಲ ಸುತ್ತಲಿನ ಜ್ವಾಲಾಮುಖಿ ಮಣ್ಣಿನವು. ವೆಸೂವಿಯಸ್ ಇಳಿಜಾರಿನದು ಲಾಕ್ರಿಮಾ ಕ್ರಿಸ್ತಿ, ಪಶ್ಚಿಮದ ಕಾಂಪಿ ಫ್ಲೆಗ್ರೇಯಿ ಕಡೆಯದು ಬಿಳಿ ಫಲಂಗೀನಾ. ಪಿಜ್ಜಾದ ಜೊತೆಗೆ ಹೊಂದುವುದು ಗ್ರಾಞ್ಞಾನೊ ಊರಿನ, ತುಸು ನೊರೆಯೇಳುವ ಕೆಂಪು ವೈನ್. ಅದನ್ನು ತಣ್ಣಗೆ ಮಾಡಿ ಕೊಡುತ್ತಾರೆ. ಸಂಜೆ ಮೆರ್ಜೆಲ್ಲೀನಾ ದಂಡೆಯ ಅಂಗಡಿಗಳಲ್ಲಿ ಬಿಯರಿನ ಜೊತೆ ಕಚ್ಚುವುದು ಕಾಳುಮೆಣಸು, ಹಂದಿಕೊಬ್ಬು, ಬಾದಾಮಿ ಸೇರಿದ ತರಾಲ್ಲೊ ಬಳೆಗಳನ್ನು. ಹಿಂದೆ ಇವುಗಳನ್ನು ದಂಡೆಯಲ್ಲೇ ಸಮುದ್ರದ ನೀರಿಗೆ ಅದ್ದಿ ತಿನ್ನುತ್ತಿದ್ದರು.