ಮುಸುಕಿನ ಜೋಳದ ಅನ್ನಪಾನ

ದಾವಣಗೆರೆ, ಹಾವೇರಿ ಸೀಮೆಗಳಲ್ಲಿ ಮುಂಗಾರು ಹದವಾಗಿ ಬಿದ್ದೊಡನೆ ಕಣ್ಣು ಹಾಯುವಷ್ಟು ದೂರ ಹಸುರಾಗಿ ಹಬ್ಬುವ ಮುಸುಕಿನ ಜೋಳವು, ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋ ದೇಶದ ಕಾಡುಹುಲ್ಲೊಂದರಿಂದ ಮಾನವನ ಕೈಯಲ್ಲಿ ರೂಪುಗೊಂಡ ಧಾನ್ಯ. ನಾಲ್ಕು ತಿಂಗಳಿನ ಅಲ್ಪಾಯುಷ್ಯದಲ್ಲಿ ಆಳೆತ್ತರವನ್ನು ಮೀರಿ ಬೆಳೆದು, ತೆನೆ ಕಟ್ಟಿ, ಒಣಗಿ ಮುಗಿಯಬೇಕಾದ ಈ ಸಸ್ಯದ ಹಸಿವು ತೃಷೆಗಳು ಅದರ ಅವಸರಕ್ಕೆ ತಕ್ಕಷ್ಟೇ ತೀವ್ರವಾದುವು. ಆದರೆ ನೀರಿನಿಂದ ಇಷ್ಟು ಲಾಭ, ಗೊಬ್ಬರದಿಂದ ಇಷ್ಟು ಲಾಭ ಎಂದು ಎರಡನ್ನೂ ಬೇರೆ ಬೇರೆ ಎಣಿಸಿ ಕೂಡಿಸುವ ಲೆಕ್ಕಕ್ಕೆ ಸಸ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಬೇರು ಘನಾಹಾರವನ್ನು ಸ್ವೀಕರಿಸಲಾರದು. ನೀರಿನಲ್ಲಿ ಕರಗಿದುದಷ್ಟೇ ಅದಕ್ಕೆ ಭೋಜ್ಯ. ಎಲೆಗಳಿಂದ ಆವಿ ಹೊರಟಂತೆಲ್ಲ ಮಣ್ಣಿನ ತೇವ ಬೇರಿನತ್ತ ಸರಿಯುತ್ತದೆ. ಸಾರಜನಕವು ನೈಟ್ರೇಟಿನ ರೂಪದಲ್ಲಿ ಆ ಪ್ರವಾಹದೊಡನೆಯೇ ಬರುತ್ತದೆ. ರಂಜಕವಾದರೋ ಇದ್ದೆಡೆಯಿಂದ ಹೆಚ್ಚು ಚಲಿಸದ ಜಡಪದಾರ್ಥ. ಅದನ್ನು ಬೇರೇ ಅರಸಿಕೊಂಡು ಹೋಗಬೇಕು. ಆದುದರಿಂದ ಮಣ್ಣು ಒಣಗಿದಾಗ, ಗೊಬ್ಬರ ಹೇರಳವಾಗಿದ್ದರೂ ಪೈರು ಉಪವಾಸವಿರುತ್ತದೆ. ನೀರು ಮಿತಿಮೀರಿದರೂ ಫಲ ಅದೇ: ಮರಳುಮಿಶ್ರಿತ ಕೆಂಪುಮಣ್ಣಿನಲ್ಲಿ ನೈಟ್ರೇಟು ಬೇರಿಗೆ ಎಟುಕದ ಆಳಕ್ಕೆ ಇಳಿದುಹೋಗುತ್ತದೆ, ಎರೆಭೂಮಿಯಲ್ಲಿ ನೀರು ನಿಂತು ಗಾಳಿ ಹೊರಬಿದ್ದರೆ, ಉಸಿರಾಟಕ್ಕೆ ಆಮ್ಲಜನಕ ದೊರೆಯದ ಸೂಕ್ಷ್ಮಜೀವಿಗಳು ನೈಟ್ರೇಟನ್ನೇ ಒಡೆದು ಸಾರಜನಕವನ್ನು ಅನಿಲವಾಗಿ ಆಕಾಶಕ್ಕೆ ಬಿಡುತ್ತವೆ. ಜಡಿಮಳೆಯ ಬಳಿಕ ಕೆಳಗಿನ ಎಲೆಗಳು ತುದಿಯಿಂದ ನಡುನರದಗುಂಟ ಹಳದಿಗಟ್ಟುವುದು ಬಹುಮಟ್ಟಿಗೆ ಈ ನಷ್ಟದ ಸೂಚನೆ.

ಪ್ರಮಾಣಕ್ಕಿಂತಲೂ ಕಾಲದ ವಿಚಾರವೇ ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯಕರ. ಮೊಳೆತ ಮೊದಲ ಮೂರು ನಾಲ್ಕು ವಾರ ಪೈರಿಗೆ ಬೇಕಾದ ಸಾರಜನಕ ಅತ್ಯಲ್ಪ. ಮೊಣಕಾಲೆತ್ತರಕ್ಕೆ ಬಂದ ಹೊತ್ತಿಗೆ, ಹೊರಗೆ ತೆನೆಯ ಸುಳಿವೇ ಇಲ್ಲದಿದ್ದರೂ, ಕಾಂಡದೊಳಗೆ ಅದರ ಸಾಲುಗಳು ನಿಶ್ಚಯವಾಗತೊಡಗಿರುತ್ತವೆ. ಅಲ್ಲಿಂದ ಹಸಿವು ಒಮ್ಮೆಗೇ ಏರುತ್ತದೆ. ಸುಮಾರು ಐವತ್ತರಿಂದ ಅರವತ್ತು ದಿನಗಳಲ್ಲಿ ನೆತ್ತಿಯ ಮೇಲೆ ಸೂಲಂಗಿ ಅರಳಿ ಪರಾಗ ಉದುರುತ್ತದೆ. ಕೆಳಗೆ ತೆನೆಯಿಂದ ರೇಷ್ಮೆಯಂಥ ಎಳೆಗಳು ಹೊರಚಾಚುತ್ತವೆ. ಒಂದೊಂದು ಎಳೆಯೂ ಒಂದೊಂದು ಕಾಳಿನ ದಾರಿ. ಪರಾಗ ತಗಲದ ಎಳೆಯ ಬುಡದಲ್ಲಿ ಕಾಳಿಲ್ಲ. ಆ ಎಳೆ ನೀಳವಾಗುವುದು ಅದರ ಕೋಶಗಳು ನೀರಿನಿಂದ ಉಬ್ಬುವುದರಿಂದ. ಬರ ತಗಲಿದರೆ ಸೂಲಂಗಿ ತನ್ನ ಹೊತ್ತಿಗೆ ಪರಾಗ ಸುರಿಸಿ ಮುಗಿಸುತ್ತದೆ, ಎಳೆಗಳು ತಡವಾಗಿ ಬಂದು ಬರಿದಾಗಿ ಉಳಿಯುತ್ತವೆ. ತುದಿ ಬೋಳಾದ ತೆನೆ, ನಡುನಡುವೆ ಕಾಳು ತಪ್ಪಿದ ತೆನೆ ಹಲವು ವೇಳೆ ಹುಟ್ಟುವುದು ಹೀಗೆ. ಮುಂದೆ ಎಷ್ಟು ನೀರು, ಎಷ್ಟು ಯೂರಿಯಾ ಸುರಿದರೂ ಹುಟ್ಟದ ಕಾಳು ಹುಟ್ಟದು.

ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ಹೆಕ್ಟೇರಿಗೆ ನೀರಾವರಿಯಲ್ಲಿ 150 ಕಿಲೋ, ಮಳೆಯಾಶ್ರಯದಲ್ಲಿ 100 ಕಿಲೋ ಸಾರಜನಕವನ್ನು ಶಿಫಾರಸು ಮಾಡುವುದರಲ್ಲಿ ಈ ತತ್ತ್ವವೇ ಅಡಗಿದೆ: ನೀರು ಎಷ್ಟನ್ನು ಸಾಗಿಸಬಲ್ಲುದೋ ಗೊಬ್ಬರ ಅಷ್ಟೇ. ಅದನ್ನೂ ಒಮ್ಮೆಗೇ ಹಾಕದೆ, ಒಂದು ಪಾಲನ್ನು ಬಿತ್ತನೆಯಲ್ಲಿ ರಂಜಕ ಪೊಟ್ಯಾಷುಗಳೊಡನೆ ಕೊಟ್ಟು, ಉಳಿದುದನ್ನು ಮೊಣಕಾಲೆತ್ತರದಲ್ಲಿಯೂ ಸೂಲಂಗಿಯ ಮುನ್ನವೂ ಮೇಲುಗೊಬ್ಬರವಾಗಿ ಕೊಡುವುದು ಕ್ರಮ. ತೇವದ ನೆಲದ ಮೇಲೆ ಎರಚಿ ಬಿಟ್ಟ ಯೂರಿಯಾ ಬಿಸಿಲಿಗೆ ಅಮೋನಿಯವಾಗಿ ಹಾರಿಹೋಗುವುದರಿಂದ, ಎಡೆಕುಂಟೆ ಹೊಡೆದು ಅದನ್ನು ಮಣ್ಣಿಗೆ ಸೇರಿಸಬೇಕು. ಎಳೆಯ ಎಲೆಯ ಬುಡದಲ್ಲಿ ಬಿಳಿಪಟ್ಟೆ ಕಂಡರೆ ಕೊರತೆ ಸತುವಿನದು. ಅದಕ್ಕೆ ಯೂರಿಯಾ ಮದ್ದಲ್ಲ. ಕೆರೆಯಲ್ಲಾಗಲಿ ಕೊಳವೆಬಾವಿಯಲ್ಲಾಗಲಿ ಒಂದೇ ಸಲಕ್ಕಾಗುವಷ್ಟು ನೀರು ಉಳಿದಿರುವ ರೈತರು, ಬಾಡಿದ ಎಳೆಪೈರನ್ನು ಕಂಡು ಮನಕರಗಿ ಅದನ್ನು ಮೊದಲೇ ವ್ಯಯಿಸದೆ, ಸೂಲಂಗಿ ಮೂಡುವ ವಾರಕ್ಕೆ ಕಾದಿರಿಸಲಿ.